ಕೆಲಸ ಹೋದವರಿಗೆ ದಿವಾಳಿ ಕಾಯ್ದೆಯ ಬಾಗಿಲು ತೆರೆಯಬೇಕೇ?

ಪರ: ಉದ್ಯಮಿಗಿರುವ ದಾರಿ ನೌಕರನಿಗೂ ಇರಲಿ

ಕೆಲಸ ಹೋದ ಮೊದಲ ತಿಂಗಳು ಅಕ್ಕಪಕ್ಕದವರಿಗೂ ಗೊತ್ತಾಗುವುದಿಲ್ಲ. ಐದನೇ ತಾರೀಕಿನ ಇಎಂಐ ಉಳಿತಾಯದ ಹಣದಲ್ಲಿ ಹೋಗುತ್ತದೆ. ಮುಂದಿನ ತಿಂಗಳು ಕ್ರೆಡಿಟ್ ಕಾರ್ಡಿಗೆ ಮಿನಿಮಮ್ ಡ್ಯೂ ಮಾತ್ರ ಕಟ್ಟುತ್ತಾರೆ. ಉಳಿದ ಬಾಕಿಗೆ ತಿಂಗಳಿಗೆ ಶೇ 3.5ರ ಆಸುಪಾಸು ಬಡ್ಡಿ ಏರುತ್ತದೆ. ಆಮೇಲೆ ಆ್ಯಪ್ ಸಾಲ, ಅದನ್ನು ತೀರಿಸಲು ಹೆಂಡತಿಯ ಬಳೆ ಅಡ. ಸಂಬಳ ಬರುವಾಗ ಒಂದು ಕಂತನ್ನೂ ತಪ್ಪಿಸದವರು ಹೀಗೆ ಸಿಕ್ಕಿಬೀಳುತ್ತಾರೆ. ಇವರನ್ನು ದುಂದುಗಾರರು ಎನ್ನುವುದು ಅನ್ಯಾಯ.

2016ರ ದಿವಾಳಿ ಸಂಹಿತೆಯ ಮೂರನೇ ಭಾಗದಲ್ಲಿ ಇಂಥವರಿಗೂ ದಾರಿಯಿದೆ. ಅರ್ಜಿ ಹಾಕಿದ ಕೂಡಲೇ ವಸೂಲಿ ದಾವೆಗಳಿಗೆ ತಡೆ ಬೀಳುತ್ತದೆ, ಸಾಲ ಕೊಟ್ಟವರ ಮುಂದೆ ಮರುಪಾವತಿ ಯೋಜನೆ ಇಡಬಹುದು. ಆದರೆ 2019ರ ಡಿಸೆಂಬರ್ 1ರಂದು ಆ ಭಾಗ ಜಾರಿಯಾದದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಸಂಬಳದಾರನಿಗೆ ಬ್ರಿಟಿಷರ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅದರಲ್ಲಿ ಅರ್ಜಿ ಹಾಕಲು ಇರಬೇಕಾದ ಕನಿಷ್ಠ ಸಾಲ 500 ರೂಪಾಯಿ. ಕಾಯ್ದೆ ಯಾವ ಕಾಲದ್ದೆಂದು ತಿಳಿಯಲು ಅದೊಂದು ಅಂಕಿ ಸಾಕು. ಕೋಟಿಗಟ್ಟಲೆ ಸಾಲಕ್ಕೆ ಸಹಿ ಹಾಕಿದವನಿಗೆ ಹೊಸ ಕಾನೂನಿನ ರಕ್ಷಣೆ ಕೊಟ್ಟು, ನಾಲ್ಕೈದು ಲಕ್ಷದ ಪರ್ಸನಲ್ ಲೋನ್ ಇರುವ ನೌಕರನನ್ನು ವಸೂಲಿ ಏಜೆಂಟರ ಫೋನಿಗೆ ಬಿಟ್ಟಿರುವುದು ಯಾವ ಸೀಮೆಯ ನ್ಯಾಯ?

ಸಂಹಿತೆಯಲ್ಲೂ ತಿದ್ದಬೇಕಾದ್ದಿದೆ. ಸಾಲ ಪೂರ್ತಿ ಮನ್ನಾ ಆಗುವ ‘ಹೊಸ ಆರಂಭ’ಕ್ಕೆ ವರ್ಷದ ಆದಾಯ 60,000 ರೂಪಾಯಿ, ಸಾಲ 35,000 ರೂಪಾಯಿ ಮೀರುವಂತಿಲ್ಲ. ಒಂದೇ ಕಾರ್ಡಿನ ಬಾಕಿಯೇ ಆ ಮಿತಿ ದಾಟುತ್ತದೆ. ಮಿತಿ ಏರಿಸಿ, ಬಾಗಿಲು ತೆರೆಯಿರಿ.

ವಿರೋಧ: ನಿಂತಿರುವುದು ಸಂಬಳ, ಬೇಕಿರುವುದು ಸಮಯ

ಕೆಲಸ ಹೋದವರ ಸಂಕಟದ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಮದ್ದಿನ ಬಗ್ಗೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ, ಕಡಿಮೆ ಸಂಬಳಕ್ಕಾದರೂ, ಇನ್ನೊಂದು ಕೆಲಸ ಸಿಗುತ್ತದೆ. ಪಾಪರ್ ಎಂಬ ಹಣೆಪಟ್ಟಿ ಅಷ್ಟು ಬೇಗ ಹೋಗುವುದಿಲ್ಲ. ಬ್ಯಾಂಕ್ ನೇಮಕಾತಿಯಲ್ಲಿ ಈಗ ಸಾಲ ಕಟ್ಟಿದ, ತಪ್ಪಿಸಿದ ಲೆಕ್ಕವಿರುವ ಸಿಬಿಲ್ ವರದಿಯನ್ನೂ ನೋಡುತ್ತಾರೆ. ಕೆಲಸ ಹೋಯಿತೆಂದು ಹಾಕಿದ ಅರ್ಜಿಯೇ ಮುಂದಿನ ಕೆಲಸಕ್ಕೆ ಅಡ್ಡ ಬಂದರೆ ಆ ಮನೆಯ ಗತಿಯೇನು?

ಅರ್ಜಿಯಿಂದ ಸಿಗುವುದಾದರೂ ಎಷ್ಟು? ಬೆಂಗಳೂರಿನ ನೌಕರನ ದೊಡ್ಡ ಸಾಲ ಸಾಮಾನ್ಯವಾಗಿ ಗೃಹಸಾಲ. ಅಡಮಾನದ ಮೇಲೆ ಬ್ಯಾಂಕಿಗಿರುವ ಹಕ್ಕು ದಿವಾಳಿ ಘೋಷಣೆಯಿಂದ ಅಳಿಯುವುದಿಲ್ಲ. ಸಾಲ ಹೆಂಡತಿಯ ಜೊತೆ ಜಂಟಿಯಾಗಿದ್ದರೆ, ಗಂಡನಿಗೆ ಬಿಡುಗಡೆ ಸಿಕ್ಕರೂ 1920ರ ಕಾಯ್ದೆಯಡಿ ಆಕೆಯ ಹೊಣೆ ಹಾಗೇ ಉಳಿಯುತ್ತದೆ. ಶಿಕ್ಷಣ ಸಾಲವನ್ನಂತೂ ಹೊಸ ಸಂಹಿತೆಯೇ ಹೊರಗಿಟ್ಟಿದೆ. ಮೊದಲ ಕೆಲಸ ಕಳೆದುಕೊಂಡ ಹುಡುಗ ಹುಡುಗಿಯರ ತಲೆಮೇಲಿರುವುದು ಹೆಚ್ಚಾಗಿ ಅದೇ.

2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಆರ್‌ಬಿಐ ಅವಕಾಶ ಕೊಟ್ಟಿತ್ತು. ಬಡ್ಡಿ ಏರಿತು ನಿಜ, ಆದರೆ 2 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಚಕ್ರಬಡ್ಡಿಯ ಹೊರೆಯನ್ನು ಸರ್ಕಾರ ಹೊತ್ತಿತು. ಲಕ್ಷಾಂತರ ಮಂದಿ ಕೋರ್ಟಿನ ಮೆಟ್ಟಿಲು ಹತ್ತದೆ ಉಸಿರಾಡಿದರು. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರಿಗೆ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯಡಿ ಅರ್ಧ ಕೂಲಿ, ಗರಿಷ್ಠ 90 ದಿನ ಕೊಡುವ ವ್ಯವಸ್ಥೆಯೂ ಅದೇ ವರ್ಷ ಬಂತು. ತಿಂಗಳಿಗೆ 21,000 ರೂಪಾಯಿ ಮೀರಿ ದುಡಿಯುವವರಲ್ಲಿ ಹೆಚ್ಚಿನವರು ಇಎಸ್‌ಐ ಹೊರಗಿದ್ದಾರೆ. ಮೊದಲು ಅವರನ್ನು ಒಳಗೆ ತನ್ನಿ. ಕಂಪನಿ ಕೊಟ್ಟ ರಿಲೀವಿಂಗ್ ಲೆಟರ್ ತೋರಿಸಿದರೆ ಆರು ತಿಂಗಳ ಕಂತನ್ನು ದಂಡವಿಲ್ಲದೆ ಮುಂದೂಡಬೇಕೆಂದು ಬ್ಯಾಂಕುಗಳಿಗೆ ಕಡ್ಡಾಯ ಮಾಡಿ. ಆಮೇಲೂ ಏಳಲಾಗದವರಿಗೆ ಕೋರ್ಟು ಇದ್ದೇ ಇದೆ.