ಬೆಟ್ಟದ ಬುಡದ ಊರಿಗೆ ಏನು ಸಿಗುತ್ತದೆ?

ತೀರ್ಥಹಳ್ಳಿಯ ಕಡೆ ಹುಟ್ಟಿ ಪುಣೆಯಲ್ಲಿ ನೆಲೆಸಿರುವ ನನ್ನಂಥವರು ಊರಿನಲ್ಲಿರಲಿ, ಇಲ್ಲಿರಲಿ, ರಜೆ ಸಿಕ್ಕರೆ ಹತ್ತುವುದು ಅದೇ ಸಹ್ಯಾದ್ರಿಯನ್ನು. ಆದರೆ ಬೆಟ್ಟಕ್ಕೆ ಹೋಗುವುದು, ಅಲ್ಲಿ ಉಣ್ಣುವುದು, ರಾತ್ರಿ ತಂಗುವುದು, ಇವೆಲ್ಲ ಈ ಎರಡು ರಾಜ್ಯಗಳಲ್ಲಿ ಬೇರೆ ಬೇರೆ ಜಾಡು ಹಿಡಿದಿವೆ. ಊರಿಗೆ ಹೋದಾಗ ನೆಂಟರು, ಮಹಾರಾಷ್ಟ್ರದ ಬೆಟ್ಟಗಳಲ್ಲಿ ಬರೀ ಬೋಳುಬಂಡೆ ಬಿಟ್ಟರೆ ಇನ್ನೇನಿದೆ ಎಂದು ಕೇಳುತ್ತಾರೆ. ಪುಣೆಯ ಮರಾಠಿ ಗೆಳೆಯರು, ನಿಮ್ಮಲ್ಲಿ ಗುಡ್ಡ ಹತ್ತುವುದಕ್ಕೂ ಸರ್ಕಾರದಿಂದ ಟಿಕೆಟ್ ತೆಗೆದುಕೊಳ್ಳಬೇಕಂತೆ ಎಂದು ನಗುತ್ತಾರೆ. ಎರಡು ಮಾತುಗಳಲ್ಲಿಯೂ ಸ್ವಲ್ಪ ನಿಜವಿದೆ. ಎರಡೂ ಕಡೆಯವರು ಗಮನಿಸದೆ ಬಿಟ್ಟಿರುವುದೂ ಸಾಕಷ್ಟಿದೆ.

ವ್ಯತ್ಯಾಸ ಶುರುವಾಗುವುದು ಕಲ್ಲಿನಿಂದಲೇ. ಪುಣೆ, ನಾಶಿಕ, ಸಾತಾರಾ ಕಡೆಯ ಘಟ್ಟವೆಲ್ಲ ಲಾವಾ ಪದರಪದರವಾಗಿ ಹರಿದು ಗಟ್ಟಿಯಾದ ಕಪ್ಪು ಬಸಾಲ್ಟ್ ಕಲ್ಲು. ಅದರ ಅಂಚುಗಳು ಗೋಡೆಯಂತೆ ನೇರವಾಗಿ ಕಡಿದುಹೋಗಿರುವುದರಿಂದ ಕೋಟೆ ಕಟ್ಟುವವನಿಗೆ ಅರ್ಧ ಕೆಲಸ ಪ್ರಕೃತಿಯೇ ಮಾಡಿಕೊಟ್ಟಿರುತ್ತದೆ. ಆದ್ದರಿಂದ ಇಲ್ಲಿ ಬೆಟ್ಟ ಹತ್ತುವುದೆಂದರೆ ಬಹುಮಟ್ಟಿಗೆ ಕೋಟೆ ಹತ್ತುವುದು. ರಾಯಗಡಕ್ಕೆ ಮೊದಲು ಶಿವಾಜಿಯ ರಾಜಧಾನಿಯಾಗಿದ್ದ ರಾಜಗಡಕ್ಕೆ ಹೋದವರು ಇದನ್ನು ಕಣ್ಣಾರೆ ಕಾಣಬಹುದು: ಬುಡದಿಂದ ತುದಿಯವರೆಗೆ ಮನುಷ್ಯರು ಸವೆಸಿದ ದಾರಿ, ಬಾಗಿಲುಗಳು, ದೇವಸ್ಥಾನ, ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳು. ಜನರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬದುಕಲೆಂದೇ ಕಟ್ಟಿದ ಜಾಗವದು. ಬಹುಕಾಲ ಚಾರಣಿಗರು ಅಲ್ಲಿನ ಪದ್ಮಾವತಿ ದೇವಿಯ ಗುಡಿಯಲ್ಲಿಯೇ ರಾತ್ರಿ ಮಲಗಿ, ಬೆಳಗಾಗುತ್ತಲೇ ಸುವೇಳಾ ಮಾಚಿಯ (ಕೋಟೆಯ ಹೊರಚಾಚಿದ ಭಾಗದ) ಕಡೆಗೆ ನಡೆಯುತ್ತಿದ್ದರು.

ದಕ್ಷಿಣಕ್ಕೆ ಬಂದರೆ ಕಲ್ಲು ಬೇರೆ, ಮಳೆ ಬೇರೆ. ಕುದುರೆಮುಖ, ಪುಷ್ಪಗಿರಿ, ತಡಿಯಂಡಮೋಳ್‌ಗಳಲ್ಲಿ ಹುಲ್ಲುಹೊದ್ದ ದುಂಡನೆಯ ನೆತ್ತಿ, ಕಣಿವೆಗಳಲ್ಲಿ ಶೋಲಾ ಎಂಬ ದಟ್ಟ ಹಸಿರು ಕಾಡು, ಅದರ ತಂಪಿನಲ್ಲಿ ಹುಟ್ಟುವ ಹೊಳೆಗಳು. ಅಲ್ಲಿ ಮೂಲನಿವಾಸಿಗಳೆಂದರೆ ಕಾಟಿ, ಕಡವೆ, ಕೆಲವೆಡೆ ಆನೆ, ಹುಲಿ. ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ನೋಡಿದರೂ ಇದೇ ಕಾಣುತ್ತದೆ. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ನೈಸರ್ಗಿಕ ಪರಂಪರೆಯಾಗಿ ಸೇರಿದಾಗ ಕರ್ನಾಟಕದ ಪಾಲು 10, ಮಹಾರಾಷ್ಟ್ರದ ಪಾಲು 4. ಕುದುರೆಮುಖ, ಪುಷ್ಪಗಿರಿ, ಆಗುಂಬೆ ಮೂರೂ ಆ ಹತ್ತರಲ್ಲಿವೆ. 2025ರಲ್ಲಿ ಮರಾಠಾ ಕೋಟೆಗಳು ಅದೇ ಪಟ್ಟಿಗೆ ಸೇರಿದ್ದು ಸಾಂಸ್ಕೃತಿಕ ಪರಂಪರೆಯಾಗಿ: ಒಟ್ಟು 12, ತಮಿಳುನಾಡಿನ ಸೆಂಜಿ (ಜಿಂಜಿ) ಕೋಟೆಯೊಂದನ್ನು ಬಿಟ್ಟರೆ ಉಳಿದವೆಲ್ಲ ಮಹಾರಾಷ್ಟ್ರದವು, ರಾಜಗಡವೂ ಅವುಗಳಲ್ಲೊಂದು. ಒಂದೇ ಬೆಟ್ಟಸಾಲಿನ ಒಂದು ತುದಿ ಮನುಷ್ಯನ ಕೈಕೆಲಸಕ್ಕಾಗಿ, ಇನ್ನೊಂದು ತುದಿ ಮನುಷ್ಯ ಕೈಹಾಕದೆ ಬಿಟ್ಟದ್ದಕ್ಕಾಗಿ ಬೆಲೆ ಪಡೆದಿವೆ.

ಈ ಹಿನ್ನೆಲೆ ಮರೆತು, ಮಹಾರಾಷ್ಟ್ರದಲ್ಲಿ ಮುಕ್ತ, ಕರ್ನಾಟಕದಲ್ಲಿ ನಿರ್ಬಂಧ ಎಂದು ಹೋಲಿಸುವುದು ಸರಿಯಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ತಪಾಸಣಾ ಕೇಂದ್ರದ ಮುಂದೆ ಜಾತ್ರೆಯಂತೆ ಜನ ಸೇರಿದ ದೃಶ್ಯವನ್ನು ನಾವೆಲ್ಲ ಮೊಬೈಲುಗಳಲ್ಲಿ ನೋಡಿದ್ದೇವೆ. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಟಿಕೆಟ್ ವ್ಯವಸ್ಥೆ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣ ಬಂದು, ಚಾರಣಪಥವೊಂದಕ್ಕೆ ದಿನಕ್ಕೆ ಹೆಚ್ಚೆಂದರೆ 300 ಮಂದಿ ಎಂಬ ಮಿತಿ ಗೊತ್ತಾಯಿತು. ಪುಣೆಯ ಗೆಳೆಯರು ಏನೇ ಹಾಸ್ಯ ಮಾಡಲಿ, ಇದನ್ನು ನಾನು ಒಪ್ಪುತ್ತೇನೆ. ಹೊಳೆಯ ಮೂಲದಲ್ಲಿ ಸಾವಿರಾರು ಜನ ಒಂದೇ ಬೆಳಗ್ಗೆ ಓಡಾಡಿದರೆ ಆಗುವ ಹಾನಿ ಕೆಳಗಿನ ಊರುಗಳ ಕುಡಿಯುವ ನೀರಿಗೇ ತಟ್ಟುತ್ತದೆ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ, ಮಳೆಗಾಲದಲ್ಲಿ ಜಾರುದಾರಿಯ ಭಯಕ್ಕೆ ಬೆಟ್ಟ ಮುಚ್ಚುವುದರಲ್ಲಿಯೂ ತಪ್ಪಿಲ್ಲ. ಮಳೆಗಾಲವೇ ಚಾರಣದ ಸುಗ್ಗಿಯಾಗಿರುವ ಮಹಾರಾಷ್ಟ್ರದವರಿಗೆ ಇದು ವಿಚಿತ್ರವೆನಿಸಬಹುದು. ಒಂದು ಆಷಾಢವನ್ನು ಆಗುಂಬೆಯಲ್ಲಿ ರಕ್ತ ಹೀರುವ ಇಂಬಳದ ಜೊತೆ ಕಳೆದರೆ ಅನುಮಾನ ತೀರುತ್ತದೆ.

ನನ್ನ ತಕರಾರು ಇರುವುದು ಬೆಟ್ಟದ ತುದಿಯ ಬಗ್ಗೆ ಅಲ್ಲ, ಬುಡದ ಊರಿನ ಬಗ್ಗೆ.

ಅಹಮದನಗರ ಜಿಲ್ಲೆಯ (ಈಗ ಅದರ ಹೆಸರು ಅಹಿಲ್ಯಾನಗರ) ಅಕೋಲೆ ತಾಲ್ಲೂಕಿನಲ್ಲಿ ಪಾಚನಯಿ ಎಂಬ ಹಳ್ಳಿಯಿದೆ. ಹರಿಶ್ಚಂದ್ರಗಡಕ್ಕೆ ಹತ್ತುವ ಸುಲಭದ ದಾರಿ ಅಲ್ಲಿಂದ ಹೊರಡುತ್ತದೆ. ಆ ಕೋಟೆಯೂ 1986ರಲ್ಲಿ ಘೋಷಣೆಯಾದ ಅಭಯಾರಣ್ಯದೊಳಗೇ ಇದೆ ಎಂಬುದನ್ನು ಗಮನಿಸಬೇಕು. ಊರಿನ ಎಷ್ಟೋ ಮನೆಗಳು ಚಾರಣಿಗರಿಗೆ ಊಟ ಹಾಕುತ್ತವೆ, ಮಲಗಲು ಜಾಗ ಕೊಡುತ್ತವೆ. ಅವರಲ್ಲಿ ಹೆಚ್ಚಿನವರು ಮಹಾದೇವ ಕೋಳಿ ಸಮುದಾಯದವರು. ಮಳೆಗಾಲದಲ್ಲಿ ಭತ್ತ, ಆಮೇಲೆ ಕೂಲಿ, ಶನಿವಾರ ಭಾನುವಾರ ಪುಣೆ ಮುಂಬೈಯ ಜನರಿಗೆ ಊಟ, ಇದು ಅವರ ವರ್ಷದ ಲೆಕ್ಕ. ಮನೆಯವರ ಫೋನ್ ನಂಬರು ಒಬ್ಬ ಚಾರಣಿಗನಿಂದ ಇನ್ನೊಬ್ಬನಿಗೆ ದಾಟುತ್ತಿರುತ್ತದೆ. ಹಿಂದಿನ ದಿನ ಕರೆ ಮಾಡಿ ಎಷ್ಟು ಜನ ಬರುತ್ತೇವೆಂದು ಹೇಳಿದರೆ ಸಾಕು.

ಅಲ್ಲಿನ ಒಂದು ಮನೆಯಲ್ಲಿ ರಾತ್ರಿ ಉಳಿದಾಗ ಒಲೆಯ ಪಕ್ಕದಲ್ಲಿಯೇ ಕೂತು ಉಂಡದ್ದು ನೆನಪಿನಲ್ಲಿದೆ. ಮನೆಯ ಮಾವಶಿ (ಚಿಕ್ಕಮ್ಮ) ಬಿಸಿನೀರಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಮರಿಗೆಯಲ್ಲಿ ಮತ್ತೆ ಮತ್ತೆ ನಾದಿ, ಅಂಗೈಯಲ್ಲಿ ತಟ್ಟಿ, ಕಾವಲಿಗೆ ಹಾಕಿ, ಮೇಲ್ಮೈಗೆ ನೀರು ಸವರುತ್ತಿದ್ದರು. ಕೊನೆಗೆ ಅದನ್ನು ಕೆಂಡದ ಮಗ್ಗುಲಿಗೆ ಒರಗಿಸಿದರೆ ಭಾಕರಿ ಉಬ್ಬಿ ನಿಲ್ಲುತ್ತಿತ್ತು. ಜೊತೆಗೆ ಬೆಳ್ಳುಳ್ಳಿ ಹಸಿಮೆಣಸಿನಕಾಯಿ ಹಾಕಿದ ಕಡಲೆಹಿಟ್ಟಿನ ಪಿಠಲೆ, ಠೇಚಾ ಎಂಬ ಮೆಣಸಿನಕಾಯಿ ಚಟ್ನಿ, ಕೊಯ್ದ ಈರುಳ್ಳಿ. ಧಾರವಾಡದ ಕಡೆಯವರಿಗೆ ಇದರಲ್ಲಿ ಹೊಸದೇನೂ ಕಾಣಿಸಲಾರದು, ಅಕ್ಕಿರೊಟ್ಟಿ ತಿಂದು ಬೆಳೆದ ನನಗೂ ಕೈ ಅರ್ಧ ಪರಿಚಿತವೇ. ‘ದಾದಾ, ಅಜೂನ್ ಏಕ್ ಘ್ಯಾ’ (ಅಣ್ಣಾ, ಇನ್ನೊಂದು ತಗೊಳ್ಳಿ) ಎನ್ನುತ್ತ ಅವರು ಬಡಿಸುತ್ತಲೇ ಇದ್ದರು. ಮಲಗಲು ಸಿಕ್ಕದ್ದು ಸಗಣಿ ಸಾರಿಸಿದ ಪಡಸಾಲೆ, ಒಂದು ಚಾಪೆ, ಒಂದು ಗೋಧಡಿ (ಕೌದಿ). ಸ್ನಾನದ ಮನೆಯ ಸೌಕರ್ಯವನ್ನು ನಿರೀಕ್ಷಿಸುವವರು ಅಲ್ಲಿಗೆ ಹೋಗಬಾರದು. ಆದರೆ ಆ ರಾತ್ರಿ ನಾವು ಕೊಟ್ಟ ಹಣ ನಡುವೆ ಯಾರ ಕೈಗೂ ಹೋಗದೆ ಆ ಮನೆಗೇ ಸೇರಿತು. ಬೆಳಗ್ಗೆ ಮೋಡ ಕವಿದಾಗ ಕೋಕಣಕಡಾ ಎಂಬ ಕಡಿದಾದ ಬಂಡೆಯ ಅಂಚಿಗೆ ಈಗ ಹೋಗಬೇಡಿ, ಸ್ವಲ್ಪ ತಡೆದು ಹೋಗಿ ಎಂದು ಹೇಳಿದ್ದೂ ಆ ಮನೆಯ ಹುಡುಗನೇ.

ಇದನ್ನೇ ನಮ್ಮ ಕಡೆಯ ಪದ್ಧತಿಯ ಪಕ್ಕದಲ್ಲಿಟ್ಟು ನೋಡಿ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಡುವ ಚಾರಣದ ಟೆಂಪೋ ಟ್ರಾವೆಲರ್ ಬೆಳಗಿನ ಜಾವ ಕಳಸದ ಹತ್ತಿರದ ಒಂದು ಹೋಮ್‌ಸ್ಟೇ ಮುಂದೆ ನಿಲ್ಲುತ್ತದೆ. ಸರತಿಯಲ್ಲಿ ಮುಖ ತೊಳೆದು, ತಟ್ಟೆಗೆ ಬಿದ್ದ ಉಪ್ಪಿಟ್ಟು ತಿಂದು, ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ, ಸಂಜೆಯೊಳಗೆ ಕುದುರೆಮುಖದ ಶಿಖರ ಮುಟ್ಟಿ ಇಳಿದು, ಅದೇ ಗಾಡಿ ಹತ್ತುತ್ತಾರೆ. ಬಂದವರಿಗೆ ಸಂಸೆ ಯಾವುದು, ಕಳಸ ಯಾವುದು ಎಂದು ಗೊತ್ತಾಗುವಷ್ಟೂ ಹೊತ್ತಿಲ್ಲ. ಜೀಪಿನವರಿಗೆ, ಇಲಾಖೆ ನೇಮಿಸುವ ಸ್ಥಳೀಯ ಮಾರ್ಗದರ್ಶಿಗಳಿಗೆ ದುಡಿಮೆ ಸಿಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಮುಳ್ಳೋಡಿಯ ಕೆಲವು ಮನೆಗಳೂ ಚಾರಣಿಗರನ್ನು ಇರಿಸಿಕೊಳ್ಳುತ್ತವೆ. ಆದರೂ ಒಟ್ಟು ವೆಚ್ಚದ ಬಹುಭಾಗ ಬೆಂಗಳೂರಿನ ಸಂಘಟಕನ ಬಳಿಯೇ ಉಳಿಯುತ್ತದೆಂದು ನನ್ನ ಎಣಿಕೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತ ಮೇಲೆ ದುಡಿಮೆಯ ಒಂದು ದಾರಿ ಮುಚ್ಚಿದ, ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಪುನರ್ವಸತಿಯ ಮಾತು ಕೇಳುತ್ತಲೇ ಬದುಕುತ್ತಿರುವ ಜನರಿರುವ ಸೀಮೆ ಅದು. ಶಿಖರ ನೋಡಲು ಬಂದವರಿಂದ ಆ ಮನೆಗಳಿಗೆ ನಾಲ್ಕು ಕಾಸು ಹೆಚ್ಚು ಸಿಗಬೇಕೆನ್ನುವುದು ಅತಿಯಾಸೆಯೇನಲ್ಲ.

ಊಟದ ವಿಷಯದಲ್ಲಿ ನನಗೆ ಇನ್ನೂ ಹೆಚ್ಚು ಬೇಸರವಿದೆ. ಮಲೆನಾಡಿನ ಅಡುಗೆಮನೆಗೆ ಬಡತನ ಎಂಬುದಿಲ್ಲ: ಮಳೆಗಾಲದಲ್ಲಿ ಕಳಲೆ, ಪತ್ರೊಡೆ, ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಒಂದೆಲಗದ ತಂಬುಳಿ, ಅಪ್ಪೆಮಿಡಿಯ ಉಪ್ಪಿನಕಾಯಿ. ಇಷ್ಟೆಲ್ಲ ಇದ್ದೂ, ಚಿಕ್ಕಮಗಳೂರಿನ ಸುತ್ತಮುತ್ತ ನಾನು ತಂಗಿದ ಹೋಮ್‌ಸ್ಟೇಯೊಂದರಲ್ಲಿ ರಾತ್ರಿ ಎದುರಿಗೆ ಬಂದದ್ದು ಗೋಬಿ ಮಂಚೂರಿ ಮತ್ತು ಪನೀರ್ ಮಸಾಲ. ಬಂದವರು ಅದನ್ನೇ ಕೇಳುತ್ತಾರೆ ಎಂದು ಮಾಲೀಕರು ಹೇಳಿದರು. ಹೊರಗೆ ಕ್ಯಾಂಪ್‌ಫೈರ್, ಜೋರಾದ ಸಂಗೀತ. ಇದರಲ್ಲಿ ಮಹಾರಾಷ್ಟ್ರವೇನೂ ಹಿಂದೆ ಬಿದ್ದಿಲ್ಲ. ಪವನಾ ಜಲಾಶಯದ ದಂಡೆಯ ಡೇರೆಗಳಲ್ಲಿ ಶನಿವಾರ ರಾತ್ರಿ ಕೇಳುವ ಗದ್ದಲಕ್ಕೆ ಎದುರಿನ ಕೋಟೆಯೂ ಕಿವಿ ಮುಚ್ಚಿಕೊಳ್ಳಬೇಕು. ಹಾಗಿದ್ದರೂ ಸಿಂಹಗಡದ ತುದಿಯಲ್ಲಿ ಇಂದಿಗೂ ಮಾರುವುದು ಪುಟ್ಟ ಮಡಕೆಯ ಮೊಸರು, ಈರುಳ್ಳಿ ಭಜಿ, ಪಿಠಲೆ ಭಾಕರಿ. ಬುಡದ ಹಳ್ಳಿಗಳವರು ಹೊತ್ತು ತಂದು ಮಾರುವ ಆ ಊಟಕ್ಕಾಗಿಯೇ ಬೆಟ್ಟ ಹತ್ತುವ ಪುಣೇಕರರಿದ್ದಾರೆ. ತಮ್ಮ ಮನೆಯ ಊಟವನ್ನೇ ನೆಂಟನಿಗೂ ಬಡಿಸಬಹುದೆಂಬ ಧೈರ್ಯ ಅಲ್ಲಿ ಉಳಿದುಕೊಂಡಿದೆ.

ಕರ್ನಾಟಕದಲ್ಲಿ ಆ ಧೈರ್ಯ ಇರಲೇ ಇಲ್ಲವೆಂದಲ್ಲ. ಕುಮಾರ ಪರ್ವತದ ಹಾದಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆಯ ಅನ್ನ, ಸಾಂಬಾರು, ಮಜ್ಜಿಗೆ ಉಂಡು ದಣಿವಾರಿಸಿಕೊಂಡವರ ತಲೆಮಾರುಗಳೇ ಇವೆ. ಅದಕ್ಕೂ ದೊಡ್ಡದು ದೇವಸ್ಥಾನಗಳ ಅನ್ನದಾನ. ಹೊರನಾಡು, ಶೃಂಗೇರಿ, ಧರ್ಮಸ್ಥಳ, ಸುಬ್ರಹ್ಮಣ್ಯಗಳಲ್ಲಿ ಯಾರೇ ಬಂದರೂ ಊರು ಕೇಳದೆ ಎಲೆ ಹಾಕುವ ಪದ್ಧತಿ ಇರುವುದರಿಂದ, ನಮ್ಮ ಘಟ್ಟದಲ್ಲಿ ಜೇಬಿನಲ್ಲಿ ಹಣವಿಲ್ಲದ ಪ್ರವಾಸಿಯೂ ಹಸಿದು ಮಲಗಬೇಕಾಗಿಲ್ಲ. ಬಹುಶಃ ಇದೇ ಕಾರಣಕ್ಕೆ ಹಾದಿಹೋಕನಿಗೆ ಊಟ ಹಾಕಿ ದುಡ್ಡು ತೆಗೆದುಕೊಳ್ಳುವುದೆಂದರೆ ನಮ್ಮ ಮಲೆನಾಡಿನ ಮನೆಗಳಿಗೆ ಇಂದಿಗೂ ಒಂದು ಮುಜುಗರ. ದುಡ್ಡು ತೆಗೆದುಕೊಳ್ಳಲೇಬೇಕೆಂದಾದಾಗ ಅವರು ಮನೆಯನ್ನು ಮನೆಯಾಗಿಯೇ ಇಟ್ಟುಕೊಳ್ಳದೆ, ಟೈಲ್ಸ್ ಹಾಕಿಸಿ, ನಾಮಫಲಕ ನೆಟ್ಟು, ಹೋಟೆಲು ಮಾಡಿಬಿಡುತ್ತಾರೆ. ಪಡಸಾಲೆಯಲ್ಲಿ ಚಾಪೆ ಹಾಸಿ ನ್ಯಾಯವಾದ ದರ ಹೇಳುವ ನಡುದಾರಿ ನಮ್ಮಲ್ಲಿ ಸರಿಯಾಗಿ ಬೆಳೆಯಲೇ ಇಲ್ಲ. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಿಂದ ಒಳ್ಳೆಯ ಕೆಲಸ ಮಾಡಿಕೊಂಡು ಬಂದಿದೆ, ಆದರೆ ಅದರ ದರ ಬೆನ್ನಿಗೆ ಚೀಲ ಹಾಕಿಕೊಂಡು ಬರುವ ಕಾಲೇಜು ಹುಡುಗನಿಗೆ ಎಟುಕುವಂಥದ್ದಲ್ಲ.

ಮಹಾರಾಷ್ಟ್ರದ ಮುಕ್ತತೆಗೂ ಬೆಲೆ ತೆರಬೇಕಾಗಿದೆ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಪ್ರತಿ ಮಳೆಗಾಲದಲ್ಲಿಯೂ ಇಂಥ ಸುದ್ದಿಗಳು ಬರುತ್ತವೆ, ಜಿಲ್ಲಾಧಿಕಾರಿಗಳ ನಿಷೇಧಾಜ್ಞೆ ಹೊರಡುತ್ತದೆ, ಮುಂದಿನ ವರ್ಷ ಮತ್ತೆ ಅದೇ. ಕಳಸೂಬಾಯಿ ಮಹಾರಾಷ್ಟ್ರದ ಅತಿ ಎತ್ತರದ ಶಿಖರ, 1,646 ಮೀಟರು. ರಜೆಯ ದಿನ ಅದರ ಕಬ್ಬಿಣದ ಏಣಿಗಳ ಬುಡದಲ್ಲಿ ಸಾಲುಗಟ್ಟಿ ನಿಂತವರನ್ನು ನೋಡಿದಾಗ ನನಗೂ ದಿನಕ್ಕೆ 300ರ ಮಿತಿಯೇ ಲೇಸೆನಿಸುತ್ತದೆ. ಕೋಟೆಯ ತೊಟ್ಟಿಗಳಲ್ಲಿ ಪ್ಲಾಸ್ಟಿಕ್ ಬಾಟಲಿ ತೇಲುವುದನ್ನು ತಡೆಯಲು ಇಲ್ಲಿಯ ಚಾರಣ ಸಂಘಗಳು ಭಾನುವಾರಗಳನ್ನು ಕಸ ಹೆಕ್ಕುವುದಕ್ಕೇ ಮೀಸಲಿಡುತ್ತಿವೆ. ಮೇಲೆ ರಾತ್ರಿ ತಂಗುವುದಕ್ಕೂ ಈಚೆಗೆ ಅಲ್ಲಲ್ಲಿ ತಡೆ ಬೀಳುತ್ತಿದೆ, ಅದು ಬೀಳಬೇಕಾದದ್ದೇ. ಮೇಲೆ ತಂಗುವುದು ನಿಂತರೆ ಬುಡದ ಹಳ್ಳಿಯ ಪಡಸಾಲೆಗಳಿಗೆ ಇನ್ನಷ್ಟು ಜನ ಬರುತ್ತಾರೆ, ಹಳ್ಳಿಗೆ ಅದರಿಂದ ನಷ್ಟವಿಲ್ಲ.

ನಮ್ಮಲ್ಲಿ ಮಿತಿಯಂತೂ ಬಂದಾಗಿದೆ; ಅದರ ಜೊತೆಗೆ ಹಳ್ಳಿಯನ್ನು ಸೇರಿಸಿಕೊಳ್ಳುವ ಕೆಲಸ ಬಾಕಿಯಿದೆ. ಹಿಂದೆ ಇದನ್ನು ಬಸ್ಸುಗಳೇ ಮಾಡುತ್ತಿದ್ದವು. ಸಂಜೆ ಹಳ್ಳಿಗೆ ಬಂದು, ರಾತ್ರಿ ಅಲ್ಲೇ ನಿಂತು, ಬೆಳಗ್ಗೆ ಪೇಟೆಗೆ ಹೊರಡುವ ಹಾಲ್ಟಿಂಗ್ ಬಸ್ಸು ಮಲೆನಾಡಿನಲ್ಲೂ ಇತ್ತು, ಮಹಾರಾಷ್ಟ್ರದ ಸರ್ಕಾರಿ ಬಸ್ಸಿನವರ, ಅಂದರೆ ಎಸ್.ಟಿ.ಯವರ, ಮುಕ್ಕಾಮಿ ಗಾಡಿಯೂ ಅದೇ. ಅದರಲ್ಲಿ ಬಂದವನು ಊರಲ್ಲಿ ಉಳಿಯಲೇಬೇಕು, ಯಾರದೋ ಮನೆಯಲ್ಲಿ ಉಣ್ಣಲೇಬೇಕು. ಕೊಪ್ಪದಲ್ಲಿ ಕಾರ್ಮಿಕರೇ ನಡೆಸುತ್ತಿದ್ದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಆ ಭಾಗದ ಒಳಹಳ್ಳಿಗಳಿಗೆ ಅಂಥ ನಂಟು ಮತ್ತಷ್ಟು ಸಡಿಲವಾಯಿತು. ಹೋದ ಬಸ್ಸನ್ನು ಅರಣ್ಯ ಇಲಾಖೆ ಮರಳಿ ತರಲಾರದು ನಿಜ. ಆದರೆ ಚಾರಣದ ಟಿಕೆಟ್ ತೆಗೆಯುವ ಜಾಲತಾಣದಲ್ಲಿಯೇ, ಬೆಟ್ಟದ ಬುಡದ ಊರಿನಲ್ಲಿ ಊಟ ಹಾಕುವ, ಜಾಗ ಕೊಡುವ ಮನೆಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿಯಿಂದ ತರಿಸಿ ಹಾಕಬಹುದು. 300 ಟಿಕೆಟ್‌ಗಳಲ್ಲಿ ಒಂದು ಪಾಲನ್ನು ಹಿಂದಿನ ರಾತ್ರಿ ಆ ಮನೆಗಳಲ್ಲಿ ತಂಗುವವರಿಗೆ ಮೀಸಲಿಡಬಹುದು. ಪಟ್ಟಿಯಲ್ಲಿ ಯಾರ ಹೆಸರು ಮೊದಲು ಎಂಬ ಜಗಳ ಪಂಚಾಯಿತಿಯಲ್ಲಿ ಹುಟ್ಟಿಯೇ ಹುಟ್ಟುತ್ತದೆ, ಅದನ್ನು ಸರದಿಯ ಮೇಲೆ ಬಗೆಹರಿಸಿಕೊಳ್ಳುವುದು ಆ ಊರಿನವರಿಗೆ ಬಿಟ್ಟದ್ದು. ಗೋಬಿ ಮಂಚೂರಿ ಕೇಳುವವರಿಗೆ ಪೇಟೆಯ ಹೋಟೆಲು ಇದ್ದೇ ಇದೆ.