ಕನಸಿನ ಕಂಪನಿಯಲ್ಲಿ ಪಗಾರ ಕೇಳಬಾರದು

ಗಾಂಧಿ ಚೌಕದ ಆ ಫ್ಲೆಕ್ಸನ್ನು ನೀವೂ ನೋಡಿರುತ್ತೀರಿ. ವಿಜಯಪುರದಲ್ಲಿ ಇಲ್ಲದವರಿಗೂ ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸಿಯೇ ಇರುತ್ತಾರೆ. ಎಂಬಿಎ ಓದುವ ಹುಡುಗಿಗೆ ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಎಂಟು ವಾರದ ಬೇಸಿಗೆ ಇಂಟರ್ನ್‌ಶಿಪ್ ಸಿಕ್ಕಿತು ಅಂತ ಕಾಲೇಜಿನವರು ಹಾಕಿಸಿದ್ದು. ಅಧ್ಯಕ್ಷರು ಆಳೆತ್ತರ ನಿಂತಿದ್ದಾರೆ. ಕಾರ್ಯದರ್ಶಿ ಸೊಂಟದವರೆಗೆ ಇದ್ದಾರೆ. ನಿರ್ದೇಶಕರೆಲ್ಲ ದುಂಡಗಿನ ಚೌಕಟ್ಟುಗಳಲ್ಲಿ ಸಾಲಾಗಿ ನಗುತ್ತಿದ್ದಾರೆ. ಹುಡುಗಿಯನ್ನು ಮಾತ್ರ ಹುಡುಕಬೇಕು. ಕೆಳಗೆ ಬಲಮೂಲೆಯಲ್ಲಿ, ಫ್ಲೆಕ್ಸ್ ಅಂಗಡಿಯವನ ಮೊಬೈಲ್ ನಂಬರಿನ ಪಕ್ಕ, ಪಾಸ್‌ಪೋರ್ಟ್ ಸೈಜಿನಲ್ಲಿ ಸಿಗುತ್ತಾಳೆ.

ಪಗಾರ ಎಷ್ಟು ಅಂತ ಫ್ಲೆಕ್ಸಿನಲ್ಲಿ ಇಲ್ಲ. ಯಾಕೆಂದರೆ ಪಗಾರವೇ ಇಲ್ಲ. ಪ್ಯಾಕೇಜ್, ಅಂದರೆ ವರ್ಷದ ಪಗಾರ, ಜಾಸ್ತಿ ಕೊಡುವ ಕಂಪನಿಗೆ ‘ಡ್ರೀಮ್’, ಇನ್ನೂ ಜಾಸ್ತಿ ಕೊಡುವುದಕ್ಕೆ ‘ಸೂಪರ್ ಡ್ರೀಮ್’ ಅನ್ನುವುದು ಕಾಲೇಜುಗಳಲ್ಲಿ ಕೆಲಸ ಕೊಡಿಸುವ ಪ್ಲೇಸ್‌ಮೆಂಟ್ ಸೆಲ್‌ಗಳ ರೂಢಿ. ಇಂಟರ್ನ್ ಆಗಿ ಹೋದವರಿಗೆ ಪ್ಯಾಕೇಜನ್ನು ಕಂಪನಿ ತನ್ನ ಹತ್ತಿರವೇ ಇಟ್ಟುಕೊಂಡು, ಡ್ರೀಮ್ ಒಂದನ್ನು ಕೊಡುತ್ತದೆ. ಎಂಥ ದೊಡ್ಡ ಮನಸ್ಸು, ಅಲ್ವಾ?

ಹುಡುಗಿ ನಮ್ಮ ಓಣಿಯವಳೇ. ಅವಳವ್ವ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾರೆ. ರೊಟ್ಟಿ ಬಡಿಯೋಕೆ ಬರುವ ಹೆಂಗಸರಿಗೆ ದಿನಾ ಸಂಜೆ ಎಣಿಸಿ ದುಡ್ಡು ಕೊಟ್ಟೇ ಕಳಿಸುತ್ತಾರೆ. ಆಫರ್ ಲೆಟರ್ ಬಂದ ದಿನ ಅವ್ವ ಕೇಳಿದ್ದು ಒಂದೇ ಮಾತು: ‘ಪಗಾರ ಎಷ್ಟವಾ?’ ಹುಡುಗಿ ಹೇಳಿದಳು: ‘ಪಗಾರ ಇಲ್ಲವ್ವ, ಎಕ್ಸ್‌ಪೋಷರ್ ಕೊಡ್ತಾರ.’ ಅವ್ವ ಸ್ವಲ್ಪ ಹೊತ್ತು ಯೋಚಿಸಿ, ‘ಊಟಾನೂ ಅದರಾಗ ಬರ್ತೈತೇನು?’ ಅಂದರಂತೆ. ಬರುವುದಿಲ್ಲ. ಊಟ ವಸತಿಯ ಪಿಜಿಯವರು ಎಕ್ಸ್‌ಪೋಷರ್ ತಗೊಳ್ಳುವುದಿಲ್ಲ, ಅಡ್ವಾನ್ಸ್ ತಗೊಳ್ಳುತ್ತಾರೆ.

ಮೊದಲ ದಿನವೇ ಎಚ್‌ಆರ್ ಮೇಡಂ, ‘ಇದು ಕಂಪನಿ ಅಲ್ಲ, ಕುಟುಂಬ’ ಅಂದರು. ಮಾತು ಖರೆ. ಕುಟುಂಬದಲ್ಲಿ ಯಾರೂ ಪಗಾರ ಕೇಳಬಾರದು. ಟೀ ಶರ್ಟು, ನೀರಿನ ಬಾಟಲಿ, ಒಂದು ಡೈರಿ ಕೊಟ್ಟು, ಅವುಗಳ ಜೊತೆ ನಿಲ್ಲಿಸಿ ಫೋಟೊ ತೆಗೆದು, ಲಿಂಕ್ಡ್‌ಇನ್‌ನಲ್ಲಿ ಹಾಕಿ ಅಂದರು. ‘ಈ ಪಯಣ ಶುರು ಮಾಡಲು ತುಂಬಾ ರೋಮಾಂಚನವಾಗುತ್ತಿದೆ’ ಎಂಬ ಒಕ್ಕಣೆಯೂ ರೆಡಿ ಇತ್ತು. ಅದೇ ದಿನ ಸೇರಿದ ಎಲ್ಲರಿಗೂ ಅದೇ ರೋಮಾಂಚನವಾಯಿತು, ಕಾಮಾ ಫುಲ್‌ಸ್ಟಾಪ್ ಸಮೇತ.

ಮೂರನೇ ವಾರ ಅವಳಿಗೆ ನಿಜವಾದ ಪ್ರಾಜೆಕ್ಟ್ ಸಿಕ್ಕಿತು. ಸಣ್ಣ ಊರುಗಳ ಕಿರಾಣಿ ಅಂಗಡಿಗಳಲ್ಲಿ ಕಂಪನಿಯ ಬಿಸ್ಕೆಟ್ ಯಾಕೆ ಓಡುತ್ತಿಲ್ಲ ಅಂತ ಕಂಡುಹಿಡಿಯಬೇಕು. ಉತ್ತರ ಕರ್ನಾಟಕದ ಕನ್ನಡ ಬಲ್ಲವರು ಬೇಕಿತ್ತು. ಹಾಗಾಗಿ ಅವಳನ್ನು ಕಳಿಸಿದ್ದು ಎಲ್ಲಿಗೆ? ವಿಜಯಪುರಕ್ಕೆ. ವಿಜಯಪುರದ ಹುಡುಗಿ ಸ್ವಂತ ಖರ್ಚಿನಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಸ್ವಂತ ಖರ್ಚಿನಲ್ಲಿ ವಿಜಯಪುರಕ್ಕೆ ಬಂದಳು. ಬೆಂಗಳೂರಿನ ಪಿಜಿ ಬಾಡಿಗೆಯ ಮೀಟರು ಅಲ್ಲಿ ಓಡುತ್ತಲೇ ಇತ್ತು. ಕಂಪನಿಯ ಪಿಪಿಟಿಯಲ್ಲಿ ಇದಕ್ಕೆ ‘ಫೀಲ್ಡ್ ಇಮ್ಮರ್ಶನ್’ ಅಂತ ಹೆಸರು. ನಮ್ಮಲ್ಲಿ ಇದಕ್ಕೆ ಮನೆಗೆ ಬಂದಳು ಅಂತೀವಿ.

ಓಣಿಯ ಅಂಗಡಿಯಿಂದಲೇ ಸರ್ವೆ ಶುರುವಾಯಿತು. ‘ಕಾಕಾ, ಈ ಬ್ರ್ಯಾಂಡಿನ ಜೊತೆ ನಿಮ್ಮ ಭಾವನಾತ್ಮಕ ಸಂಬಂಧಕ್ಕೆ ಹತ್ತರೊಳಗೆ ಎಷ್ಟು ಅಂಕ ಕೊಡ್ತೀರಿ?’ ಕಾಕಾ ತಕ್ಕಡಿಯಿಂದ ತಲೆ ಎತ್ತಲೇ ಇಲ್ಲ. ‘ಅದರ ಸಂಬಂಧ ಬಿಡವಾ, ನಿಮ್ಮ ಮನೀ ಎಣ್ಣಿ ಬಾಕಿ ಹಂಗ ಐತಿ, ಅಪ್ಪಗ ಹೇಳು’ ಅಂದರು. ಅವಳ ರಿಪೋರ್ಟಿನಲ್ಲಿ ‘ಗ್ರಾಹಕ ಮತ್ತು ಅಂಗಡಿಕಾರರ ನಡುವೆ ವಿಶ್ವಾಸಾಧಾರಿತ ಸಾಲ ವ್ಯವಸ್ಥೆ ಇದೆ’ ಎಂದು ಇದು ದಾಖಲಾಯಿತು. ಬೆಂಗಳೂರಿನ ಮ್ಯಾನೇಜರ್ ಬೆರಗಾದರಂತೆ. ಉದ್ರಿ ಎಂಬುದು ಇದೆ ಅಂತ ಕಂಪನಿಗೆ ಗೊತ್ತಾಗಿದ್ದು ಆಗಲೇ.

ಆಮೇಲೆ ಗೋಳಗುಮ್ಮಟದ ಮುಂದೆ ಬಿಸ್ಕೆಟ್ ಪೊಟ್ಟಣ ಹಿಡಿದು ಫೋಟೊ ಕಳಿಸು ಅಂದರು, ಕಳಿಸಿದಳು. 1656ರಲ್ಲಿ ಮುಗಿದ ಆ ಗುಮ್ಮಟದೊಳಗೆ ಒಂದು ಸಲ ಕೂಗಿದರೆ ಏಳು ಸಲ ತಿರುಗಿ ಕೇಳಿಸುತ್ತದೆ. ಬಸ್ ಚಾರ್ಜ್ ಕೇಳಿ ಎಚ್‌ಆರ್‌ಗೆ ಹಾಕಿದ ಮೇಲ್‌ಗಳಿಗೆ ಒಂದು ಸಲವೂ ತಿರುಗಿ ಏನೂ ಕೇಳಿಸಲಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ. ಇದೇ ಜಿಲ್ಲೆಯ ತಿಕೋಟಾ ಕಡೆ ಹೋಗಿ ನೋಡಿ. ಬೇಸಿಗೆಯಲ್ಲಿ ಶೆಡ್ಡುಗಳ ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿರುತ್ತದೆ. ಬೇಗ ಒಣಗಲಿ ಅಂತ ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಹರವಿ, ಎರಡು ಮೂರು ವಾರ ಕಾಯಬೇಕು. ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ. ನಡುವೆ ಒಂದು ಅಕಾಲ ಮಳೆ ಬಂದರೆ ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಇಲ್ಲಿ ಬೆಳೆದ ಮಾಲು ಎಷ್ಟೋ ಸಲ ಗಡಿ ದಾಟಿ ಮಹಾರಾಷ್ಟ್ರದ ಸಾಂಗ್ಲಿ, ತಾಸಗಾಂವ್ ಪೇಟೆಗೆ ಹೋಗಿ ಮಾರಾಟವಾಗುತ್ತದೆ. ಯಾಕೆ ಹೋಗಬೇಕು? ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ತಿಂಗಳು ಇಟ್ಟರೆ ಲಾಭ? ನಡುವಿನವರ ಕಮಿಷನ್ ಎಷ್ಟು? ಮಾರ್ಕೆಟಿಂಗು, ಫೈನಾನ್ಸು, ಸಪ್ಲೈ ಚೈನು, ಎಂಬಿಎಯ ಅರ್ಧ ಸಿಲಬಸ್ಸು ಆ ಶೆಡ್ಡಿನಲ್ಲೇ ಇದೆ. ಆದರೆ ಶೆಡ್ಡಿನವನಿಗೆ ಲೋಗೊ ಇಲ್ಲ. ಅವನ ಹೆಸರಿನಲ್ಲಿ ಫ್ಲೆಕ್ಸ್ ಹಾಕೋಕೆ ಬರುವುದಿಲ್ಲ. ಒಂದು ವೇಳೆ ಅಲ್ಲಿ ಕೆಲಸಕ್ಕೆ ಹೋದರೆ ಸಂಜೆಗೆ ಕೂಲಿ ಬೇರೆ ಕೊಟ್ಟುಬಿಡುತ್ತಾನೆ. ಅದು ಇಂಟರ್ನ್‌ಶಿಪ್ ಹೇಗಾದೀತು?

ಡ್ರೀಮ್ ಕಂಪನಿ ಸಿಗದವರ ಕತೆ ಬೇರೆ. ರಿಪೋರ್ಟಂತೂ ಅವರೂ ಕೊಡಲೇಬೇಕು. ಅವರಿಗಾಗಿ ಕಾಲೇಜುಗಳ ಎದುರು ಝೆರಾಕ್ಸ್ ಅಂಗಡಿಗಳಿವೆ. ಹಳೆಯ ಪ್ರಾಜೆಕ್ಟ್ ರಿಪೋರ್ಟುಗಳು ಅಲ್ಲಿನ ಕಂಪ್ಯೂಟರಿನಲ್ಲಿ ಸಾಲಾಗಿ ಕಾಯುತ್ತಿರುತ್ತವೆ. ಕಂಪನಿ ಹೆಸರು ಬದಲಿಸಿ, ಸ್ಪೈರಲ್ ಬೈಂಡಿಂಗ್ ಹಾಕಿ, ಅರ್ಧ ಗಂಟೆಯಲ್ಲಿ ಕೈಗೆ ಕೊಡುತ್ತಾರೆ. ಬಾಗಲಕೋಟೆಯ ಕಡೆಯ ಇಂಥದ್ದೊಂದು ರಿಪೋರ್ಟನ್ನು ಓದುವ ಭಾಗ್ಯ ನನಗೆ ಸಿಕ್ಕಿತ್ತು. ಮೂಲದಲ್ಲಿ ಅದು ಸಕ್ಕರೆ ಕಾರ್ಖಾನೆಯದು. ಹುಡುಗ ‘ಕಾರ್ಖಾನೆ’ ಇದ್ದಲ್ಲೆಲ್ಲ ‘ಬ್ಯಾಂಕ್’ ಹಾಕಿಸಿದ್ದ. ಹಾಗಾಗಿ ಬ್ಯಾಂಕು ದಿನಕ್ಕೆ 5,000 ಟನ್ ಕಬ್ಬು ಅರೆಯುತ್ತಿತ್ತು. ಬ್ಯಾಂಕಿನ ಕಾಕಂಬಿಯನ್ನು ಡಿಸ್ಟಿಲರಿಗೆ ಮಾರಲಾಗುತ್ತಿತ್ತು. ಹಂಗಾಮು ಮುಗಿದ ಮೇಲೆ ಬ್ಯಾಂಕಿನ ಬಾಯ್ಲರನ್ನು ತೊಳೆಯುತ್ತಿದ್ದರು. ಕೊನೆಗೆ ಗೈಡ್ ಸಹಿ, ಎಚ್‌ಒಡಿ ಸಹಿ, ಕಾಲೇಜಿನ ದುಂಡು ಸೀಲು. ಅಂಕ ನೂರಕ್ಕೆ 88. ಆ ಹುಡುಗ ಬುದ್ಧಿವಂತ ಅಂತಲೇ ನನ್ನ ತೀರ್ಮಾನ. ಝೆರಾಕ್ಸ್ ಖರ್ಚಿನಲ್ಲಿ ಮುಗಿಸಿದ. ನಮ್ಮ ಓಣಿಯ ಹುಡುಗಿ ಬೆಂಗಳೂರಿನ ಬಾಡಿಗೆ ಕಟ್ಟಿ ಕೋರ್ಸಿನ ಅದೇ ಕ್ರೆಡಿಟ್ ತಗೊಂಡಳು.

ಸರ್ಕಾರ ಏನೂ ಮಾಡಿಲ್ಲ ಅನ್ನುವಂತಿಲ್ಲ. 2024ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ 500 ದೊಡ್ಡ ಕಂಪನಿಗಳಲ್ಲಿ, ಐದು ವರ್ಷದಲ್ಲಿ, ಒಂದು ಕೋಟಿ ಯುವಕರಿಗೆ ಇಂಟರ್ನ್‌ಶಿಪ್ ಅಂತ ಘೋಷಿಸಿತು. ತಿಂಗಳಿಗೆ 5,000 ರೂಪಾಯಿ. ಅದರಲ್ಲಿ 4,500 ಸರ್ಕಾರದ್ದು, 500 ಕಂಪನಿಯದ್ದು. ದೇಶದ ಅತಿ ಶ್ರೀಮಂತ ಕಂಪನಿಗಳ ಜೇಬಿನಿಂದ ಐನೂರು ರೂಪಾಯಿ ಹೊರಗೆ ಬರಬೇಕಾದರೂ ಹಣಕಾಸು ಸಚಿವರೇ ಸಂಸತ್ತಿನಲ್ಲಿ ಎದ್ದು ನಿಲ್ಲಬೇಕಾಯಿತು! ಮೊದಲ ಸುತ್ತಿನಲ್ಲಿ 82 ಸಾವಿರಕ್ಕೂ ಹೆಚ್ಚು ಆಫರ್ ಹೋದವು, ಕೊನೆಗೆ ಸೇರಿದವರು 8,700ರ ಆಸುಪಾಸು. ನಮ್ಮ ಹುಡುಗಿಗೆ ಆ ಬಾಗಿಲೂ ಇಲ್ಲ, ಎಂಬಿಎಯವರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ರಾಜ್ಯದ ಯುವನಿಧಿ ಇದೆ, ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ 3,000. ಅದು ಓದು ಮುಂದುವರಿಸಿದವರಿಗೆ ಇಲ್ಲ. ಅಂದರೆ ಇವಳು ಎಂಬಿಎಗೆ ಸೇರದೆ ಸುಮ್ನೆ ಮನೆಯಲ್ಲಿ ಕೂತಿದ್ದರೆ ಮೂರು ಸಾವಿರಕ್ಕೆ ಅರ್ಜಿ ಹಾಕಬಹುದಿತ್ತು. ಸೇರಿ, ದುಡಿದು, ಸೊನ್ನೆ ತಗೊಂಡಳು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್‌ಗೆ ಸ್ಟೈಪೆಂಡ್ ಕೊಡಲೇಬೇಕು. ಅದಕ್ಕೇ ಇವಳನ್ನು ಯಾರೂ ಅಪ್ರೆಂಟಿಸ್ ಅನ್ನುವುದಿಲ್ಲ.

ಇನ್ನು ನಗೋಕೆ ಆಗುತ್ತಿಲ್ಲ, ಸೀದಾ ಹೇಳುತ್ತೇನೆ. ಅವಳು ಮಾಡಿದ ಸರ್ವೆಯನ್ನು ಕಂಪನಿ ಬಳಸಿಕೊಂಡಿದೆ. ಇದೇ ಕೆಲಸವನ್ನು ಏಜೆನ್ಸಿಗೆ ಕೊಟ್ಟಿದ್ದರೆ ಬಿಲ್ ಬರುತ್ತಿತ್ತು, ಕಟ್ಟುತ್ತಿದ್ದರು. ಕೆಲಸ ಮಾಡಿಸಿಕೊಂಡರೆ ದುಡ್ಡು ಕೊಡಬೇಕು. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೇರೆ ದಾರಿಯಿಲ್ಲದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ಒಪ್ಪಿಕೊಂಡರೆ ಅದೂ ಒತ್ತಾಯದ ದುಡಿಮೆಯೇ ಅಂತ 1982ರಲ್ಲೇ ಹೇಳಿತ್ತು. ಇಂಟರ್ನ್‌ಶಿಪ್ ಮಾಡದಿದ್ದರೆ ಮಾರ್ಕ್ಸ್ ಕಾರ್ಡ್ ಇಲ್ಲ ಅನ್ನುವ ಕಾಲೇಜು, ಮಾಡಿದರೂ ದುಡ್ಡಿಲ್ಲ ಅನ್ನುವ ಕಂಪನಿ. ಇಪ್ಪತ್ತೆರಡರ ಹುಡುಗಿ ಇವರಿಬ್ಬರ ನಡುವೆ ಇನ್ಯಾವ ದಾರಿ ಹಿಡಿಯಬೇಕಿತ್ತು? ಬೆಂಗಳೂರಿನ ಬಾಡಿಗೆ ಕಟ್ಟೋಕೆ ಅವಳವ್ವ ಎಷ್ಟು ರೊಟ್ಟಿ ಬಡಿಯಬೇಕಾಯಿತು ಅಂತ ಆ ಪಿಪಿಟಿಯ ಯಾವ ಸ್ಲೈಡಿನಲ್ಲೂ ಇಲ್ಲ.

ಕೊನೆಯ ದಿನ ಫೀಡ್‌ಬ್ಯಾಕ್ ಫಾರ್ಮ್ ಬಂತು. ‘ನಮ್ಮ ಕಂಪನಿಯನ್ನು ಗೆಳೆಯರಿಗೆ ಶಿಫಾರಸು ಮಾಡುತ್ತೀರಾ? ಹತ್ತಕ್ಕೆ ಅಂಕ ಕೊಡಿ.’ ಫಾರ್ಮ್ ತುಂಬಿದ ಮೇಲೆಯೇ ಸರ್ಟಿಫಿಕೇಟ್ ಡೌನ್‌ಲೋಡ್ ಆಗುತ್ತದೆ. ಹುಡುಗಿ ಹತ್ತಕ್ಕೆ ಹತ್ತು ಕೊಟ್ಟಳು. ಈಗ ಕಾಲೇಜಿನವರು, ಜೂನಿಯರ್‌ಗಳಿಗೆ ಶನಿವಾರ ಒಂದು ಗಂಟೆ ಮಾರ್ಗದರ್ಶನ ಮಾಡು ಅಂದಿದ್ದಾರೆ. ಆಟೊ ಚಾರ್ಜ್ ಕೊಡ್ತೀರಾ ಸರ್ ಅಂತ ಕೇಳಿದಳಂತೆ. ಕಮಿಟಿ ಮುಂದೆ ಇಟ್ಟು ತಿಳಿಸ್ತೀವಿ ಅಂದರಂತೆ.