ಕವಳದ ನಿಧಾನ

ಮೊನ್ನೆ ತೀರ್ಥಹಳ್ಳಿಯಲ್ಲಿ ಜಡಿಮಳೆ. ಕರೆಂಟಿಲ್ಲ. ಭಾವನ ಮನೆ ಜಗಲಿಯಲ್ಲಿ ನಾಲ್ಕು ಜನ ಎರಡು ಜೋಡಿಯಾಗಿ ಇಸ್ಪೀಟಿನ ಬ್ರಿಜ್ ಆಡುತ್ತಿದ್ದೆವು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಬ್ರಿಜ್‌ಗೆ ಚಿನ್ನ ತಂದ ಮೇಲೆ, ಇಸ್ಪೀಟು ಅಂದರೆ ಮೂಗು ಮುರಿಯುತ್ತಿದ್ದ ಅಕ್ಕನೂ ಆಟದ ಮಧ್ಯೆ ಕಾಫಿ ತಂದುಕೊಡುತ್ತಾಳೆ.

ಕಳಾವರ್ ರಾಣಿ ಯಾರ ಕೈಲಿದೆ ಅನ್ನೋದಷ್ಟೇ ನನಗೆ ಬೇಕಿತ್ತು. ಗುಲಾಮನನ್ನು ಇಳಿಸಿದೆ. ಎಡಗಡೆ ಕೂತಿದ್ದ ಹಿರಿಯರು ಎಲೆ ನೋಡಿದರು. ಮಾಡು ನೋಡಿದರು. ಮತ್ತೆ ಎಲೆ ನೋಡಿದರು. ಕೊನೆಗೆ ಕಳಾವರ್ ಮೂರು ಹಾಕಿದರು. ರಾಣಿ ಇಲ್ಲೇ ಇದ್ದಾಳೆ, ಹಾಕಲೋ ಬೇಡವೋ ಅಂತ ಒದ್ದಾಡುತ್ತಿದ್ದಾರೆ ಅಂದುಕೊಂಡು ಡಮ್ಮಿಯ, ಅಂದರೆ ಎಲ್ಲರಿಗೂ ಕಾಣುವಂತೆ ಬಿಚ್ಚಿಟ್ಟ ನನ್ನ ಜೊತೆಗಾರನ ಎಲೆಗಳಲ್ಲಿದ್ದ ರಾಜನನ್ನು ಹಾಕದೆ ಬಿಟ್ಟೆ. ಬಲಗಡೆಯಿಂದ ಬಂದಳು ರಾಣಿ! ಮುಂದಿನ ಸುತ್ತಿಗೆ ನೋಡಿದರೆ, ಈ ಹಿರಿಯರ ಹತ್ತಿರ ಇದ್ದ ಕಳಾವರೇ ಅದೊಂದು.

"ಅಷ್ಟು ಹೊತ್ತು ಏನು ಯೋಚನೆ ಮಾಡ್ತಿದ್ರಿ?"

"ಬಾಯಲ್ಲಿ ಕವಳ ಇತ್ತು ಮಾರಾಯ. ಈ ದವಡೆಯಿಂದ ಆ ದವಡೆಗೆ ದೂಡ್ಕೊಳ್ತಿದ್ದೆ."

ಎಲೆಯಡಿಕೆ ಜಗಿಯುವ ಈ ಕವಳದ ಮೌನಕ್ಕೆ ನಮ್ಮ ಮನೆತನ ಮೊದಲೇ ಬೇಕಾದಷ್ಟು ದುಡ್ಡು ತೆತ್ತಿದೆ. ಅಜ್ಜನ ಕಾಲದಲ್ಲಿ ಅಡಿಕೆ ವ್ಯಾಪಾರಿಯೊಬ್ಬ ಬರುತ್ತಿದ್ದ. ಚೀಲಕ್ಕೆ ಮೊಣಕೈವರೆಗೆ ಕೈ ಹಾಕಿ, ತಳದಿಂದ ಒಂದು ಅಡಿಕೆ ತೆಗೆದು, ಎರಡು ಹೋಳು ಮಾಡಿ ಬೆಳಕಿಗೆ ಹಿಡಿಯುತ್ತಿದ್ದ. ಅಜ್ಜ ರೇಟು ಹೇಳುತ್ತಿದ್ದರು. ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದ. ತೊಟ್ಟು ಮುರಿದು, ನಾರು ತೆಗೆದು, ಮಡಚಿ ದವಡೆಗೆ. ಬಾಯಿ ತುಂಬಿದ ಮೇಲೆ ಮಾತೆಲ್ಲಿ? 'ಹ್ಞೂಂ' ಕೂಡ ಇಲ್ಲ. ಅಜ್ಜನಿಗೆ ತಡೆಯುತ್ತಿರಲಿಲ್ಲ. ತಾವೇ ನೂರು ಇಳಿಸುತ್ತಿದ್ದರು, ಮತ್ತೆ ಐವತ್ತು. ಅವನು ಅಂಗಳಕ್ಕೆ ಹೋಗಿ ಉಗಿದು ಬರುವಷ್ಟರಲ್ಲಿ ವ್ಯಾಪಾರ ಮುಗಿದಿರುತ್ತಿತ್ತು. "ಇವ್ರಿಗೂ ಒಂದು ಕವಳ ಕೊಡ್ರೋ, ಬಾಯಾದ್ರೂ ಮುಚ್ಚಿರುತ್ತೆ" ಅಂತ ಅಜ್ಜಿ ಒಳಗಿಂದ ಗೊಣಗುತ್ತಿದ್ದಳು.

ಬ್ರಿಜ್‌ನ 73ನೇ ನಿಯಮ ಈ ವಿಷಯದಲ್ಲಿ ಖಡಕ್ಕು. ತಡಮಾಡಿ ಎದುರಾಳಿಯ ದಾರಿ ತಪ್ಪಿಸುವಂತಿಲ್ಲ. ತಡಕ್ಕೆ ಆಟದೊಳಗಿನ ಕಾರಣವೇ ಇರಬೇಕು. ಒಂಟಿ ಎಲೆ ಹಿಡಿದವನಿಗೆ ಎಂಥ ಕಾರಣ? ನಿಜವಾಗಿ ಯೋಚಿಸುವ ನನ್ನಂಥವನ ಪಾಡು ಇನ್ನೂ ಚಂದ. ಒಮ್ಮೆ ಶಿವಮೊಗ್ಗದ ಪಂದ್ಯದಲ್ಲಿ, ಕೂಗುವ ಸರದಿ ಬಂದಾಗ, ಪ್ರಾಮಾಣಿಕವಾಗಿ ತಲೆ ಕೆರೆದುಕೊಂಡು 'ಪಾಸ್' ಅಂದೆ. ಜೊತೆಗಾರ ಧೈರ್ಯ ಮಾಡಿ ಮೇಲೆ ಕೂಗಿದ. ನನ್ನ ತಡದಿಂದಲೇ ಅವನಿಗೆ ನನ್ನ ಎಲೆಗಳ ಸುಳಿವು ಸಿಕ್ಕಿತು ಅಂತ ಬಂದ ಅಂಕವನ್ನೂ ಕಿತ್ತುಕೊಂಡರು. ಇವರು ಕವಳ ದೂಡಿ ಆಟ ಗೆಲ್ಲಬಹುದು!

ಜಗಲಿಗೆ ತೀರ್ಪುಗಾರ ಎಲ್ಲಿಂದ ಬರಬೇಕು? "ಕವಳ ಆಟದ ಕಾರಣ ಅಲ್ಲ" ಅಂದೆ, ಸ್ವಲ್ಪ ಜೋರಾಗಿಯೇ. ಹಿರಿಯರು ಬೆರಳೆತ್ತಿ ತಡಿ ಅಂದರು. ಉಗಿಯಲು ಎದ್ದು ಹೋದವರು ಮಳೆ ನೋಡುತ್ತ ನಿಂತೇಬಿಟ್ಟರು.